ಒಳ್ಳೆಯ ರಾಜಕುಮಾರ ಕೆಟ್ಟ ಕತೆ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕತೆಯೊಳಗಿನ ದುಷ್ಟನನ್ನು ಗುರುತಿಸುವುದು ಕಷ್ಟವಲ್ಲ. ಯಕ್ಷಗಾನದ ಬಯಲಿನಲ್ಲಿ ರಾತ್ರಿ ಕಳೆಯುತ್ತಿದ್ದಂತೆ ಬಣ್ಣದ ವೇಷ ಬರುತ್ತದೆ. ಮುಖದ ತುಂಬ ಕೆಂಪು, ಕಪ್ಪು, ಬಿಳಿಯ ಗೆರೆಗಳು, ತಲೆಯ ಮೇಲೆ ಭಾರೀ ಕಿರೀಟ, ಚೆಂಡೆಯ ಅಬ್ಬರ, ಎದೆ ನಡುಗಿಸುವ ಆರ್ಭಟೆ. ತಾಯಿಯ ಮಡಿಲಲ್ಲಿ ತೂಕಡಿಸುತ್ತಿದ್ದ ಮಗುವೂ ಥಟ್ಟನೆ ಎದ್ದು ಕೂರುತ್ತದೆ. ಬಂದವನು ರಾಕ್ಷಸ ಎಂದು ಅದಕ್ಕೆ ಯಾರೂ ವಿವರಿಸಬೇಕಾಗಿಲ್ಲ. ಆ ಮುಖ ಚೌಕಿಯಲ್ಲೇ ತಯಾರಾಗಿ ಬಂದಿರುತ್ತದೆ.

ಬದುಕಿನಲ್ಲಿ ಮಾತ್ರ ಹಾಗಾಗುವುದಿಲ್ಲ. ಕೆಡುವವರು ಯಾರೂ ಬಣ್ಣ ಬಳಿದುಕೊಂಡು ಹುಟ್ಟುವುದಿಲ್ಲ. ಅವರು ನಮ್ಮ ಜೊತೆಯಲ್ಲೇ ಶಾಲೆಗೆ ಬಂದಿರುತ್ತಾರೆ, ನಮ್ಮ ಮನೆಯ ಮದುವೆಯಲ್ಲಿ ಬಡಿಸಿರುತ್ತಾರೆ, ಯಾರದೋ ಕಷ್ಟಕ್ಕೆ ಕಣ್ಣೀರು ಹಾಕಿರುತ್ತಾರೆ. ಹಾಗಿದ್ದವರು ಎಲ್ಲಿ, ಯಾವ ತಿರುವಿನಲ್ಲಿ ಬದಲಾದರು? ಆ ತಿರುವನ್ನು ಮೊದಲೇ ಗುರುತಿಸಲು ಸಾಧ್ಯವೇ?

ಈ ಪ್ರಶ್ನೆಯನ್ನು ನಮ್ಮ ತಲೆಯೊಳಗೆ ಮೊದಲು ಬಿತ್ತಿದ್ದು ಯಾವ ಭಾಷಣವೂ ಅಲ್ಲ, ಪುಸ್ತಕವೂ ಅಲ್ಲ. ಒಂದು ಕಂಪ್ಯೂಟರ್ ಆಟ ಎಂದರೆ ಹಿರಿಯರು ನಗಬಹುದು. ಮಕ್ಕಳು ಆಟದಲ್ಲಿ ಮುಳುಗಿ ಕೆಡುತ್ತಿದ್ದಾರೆಂದು ಚಿಂತಿಸುವ ಹೆತ್ತವರು ಸಿಟ್ಟಾಗಲೂಬಹುದು. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ. ನಾವು ಹೇಳಹೊರಟಿರುವುದು ಆಟದ ಕುರಿತಾದರೂ ವಿಷಯ ಆಟದ್ದಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಲಿಜಾರ್ಡ್ ಎಂಬ ಕಂಪೆನಿ 2002ರ ಜುಲೈಯಲ್ಲಿ 'ವಾರ್‌ಕ್ರಾಫ್ಟ್ 3' ಎಂಬ ಆಟವನ್ನು ಹೊರತಂದಿತು. ಆಡುವವನು ಮೇಲಿನಿಂದ ಒಂದು ನಾಡನ್ನು ನೋಡುತ್ತಿರುತ್ತಾನೆ. ಗಣಿಯಿಂದ ಚಿನ್ನ ತೆಗೆಸಬೇಕು, ಕಾಡಿನಿಂದ ಮರ ಕಡಿಸಬೇಕು, ಕೋಟೆ ಕಟ್ಟಿ ಸೈನಿಕರನ್ನು ಸಿದ್ಧಪಡಿಸಬೇಕು, ಶತ್ರುವಿನ ಮೇಲೆ ದಂಡೆತ್ತಿ ಹೋಗಬೇಕು. ಇಷ್ಟೇ ಆಗಿದ್ದರೆ ಅದೂ ನೂರಾರು ಆಟಗಳಲ್ಲಿ ಒಂದಾಗಿರುತ್ತಿತ್ತು. ಅದರೊಳಗೆ ಒಂದು ಕತೆಯಿತ್ತು. ಆ ಕತೆಯ ನಾಯಕ ಅರ್ಥಾಸ್.

ನಾವೆಂದರೆ ಮೂವರು. ಒಂದೇ ಬೀದಿಯ, ಒಂದೇ ತರಗತಿಯ ಹುಡುಗರು. 2004ರಲ್ಲಿ ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಸೆಂಟರಿಗೆ ಆ ಆಟ ಬಂತು. ಗಂಟೆಗೆ 20 ರೂಪಾಯಿ. ಮೂವರೂ ಕಿಸೆ ಜಾಲಾಡಿ ಒಂದು ಗಂಟೆಯನ್ನು ಖರೀದಿಸುತ್ತಿದ್ದೆವು. ಒಬ್ಬನ ಕೈಯಲ್ಲಿ ಮೌಸ್, ಇನ್ನೊಬ್ಬನದು ಕೀಬೋರ್ಡ್. ಮೂರನೆಯವನಿಗೆ ಇಂಗ್ಲಿಷ್ ಸ್ವಲ್ಪ ಚೆನ್ನಾಗಿ ಬರುತ್ತಿದ್ದುದರಿಂದ ಪಾತ್ರಗಳು ಆಡುವ ಮಾತನ್ನು ಕೇಳಿ ನಮಗೆ ಕನ್ನಡದಲ್ಲಿ ಹೇಳುವುದು ಅವನ ಕೆಲಸ. ಪಕ್ಕದ ಕುರ್ಚಿಗಳಲ್ಲಿ ಹುಡುಗರು ಬಂದೂಕು ಹಿಡಿದು ಒಬ್ಬರನ್ನೊಬ್ಬರು ಸುಡುವ ಆಟದಲ್ಲಿ ಕೂಗಾಡುತ್ತಿರುವಾಗ ನಾವು ಒಬ್ಬ ರಾಜಕುಮಾರನ ಕತೆ ಕೇಳುತ್ತಾ ಕುಳಿತಿರುತ್ತಿದ್ದೆವು.

ಅರ್ಥಾಸ್ ಲಾರ್ಡರಾನ್ ಎಂಬ ರಾಜ್ಯದ ಯುವರಾಜ. ತಂದೆ ಟೆರೆನಾಸ್ ಪ್ರಜೆಗಳು ಮೆಚ್ಚಿದ ದೊರೆ. ಗುರು ಉಥರ್. ಬೆಳಕಿನ ಹೆಸರಿನಲ್ಲಿ ಪ್ರತಿಜ್ಞೆ ತೊಟ್ಟು, ದುರ್ಬಲರನ್ನು ಕಾಯುವ ಯೋಧರ ಪಂಗಡಕ್ಕೆ ಆತನೇ ಹಿರಿಯ. ಅರ್ಥಾಸ್ ಕೂಡ ಅದೇ ಪ್ರತಿಜ್ಞೆ ತೊಟ್ಟವನು. ಕೈಯಲ್ಲಿ ಖಡ್ಗವಲ್ಲ, ಸುತ್ತಿಗೆ. ಗಾಯಗೊಂಡ ಸೈನಿಕನನ್ನು ಗುಣಪಡಿಸುವ ಶಕ್ತಿಯೂ ಅವನಿಗಿದೆ. ಹಳ್ಳಿಯೊಂದರ ಮೇಲೆ ದಾಳಿಯಾದರೆ ಮೊದಲು ಓಡಿ ಬರುವವನು ಅವನೇ. ಜೇಯ್ನಾ ಎಂಬ ಜಾಣ ಹುಡುಗಿ ಅವನನ್ನು ಪ್ರೀತಿಸಿದ್ದಳು. ಇಂಥವನನ್ನು ಯಾರು ತಾನೇ ಇಷ್ಟಪಡುವುದಿಲ್ಲ?

ಆರಂಭದಲ್ಲೇ ಒಂದು ಸಣ್ಣ ಘಟನೆ ಬರುತ್ತದೆ. ಶತ್ರುಗಳು ಹಳ್ಳಿಗರನ್ನು ಹಿಡಿದೊಯ್ದು ಕೊಲ್ಲುತ್ತಾರೆ. ಅರ್ಥಾಸ್ ಕುದಿಯುತ್ತಾನೆ. ಆಗ ಉಥರ್ ಎಚ್ಚರಿಸುತ್ತಾನೆ. ನಮ್ಮ ಕೆಲಸದಲ್ಲಿ ಸೇಡಿಗೆ ಜಾಗವಿಲ್ಲ, ಸಿಟ್ಟು ರಕ್ತದಾಹವಾಗಿ ಬದಲಾದರೆ ನಮಗೂ ಅವರಿಗೂ ವ್ಯತ್ಯಾಸ ಉಳಿಯದು ಎಂಬರ್ಥದ ಮಾತು. ಅರ್ಥಾಸ್ ತಲೆಯಾಡಿಸುತ್ತಾನೆ. ಗುರುವಿನ ಮಾತು ಅರ್ಥವಾಗದ ಹುಡುಗನೇನೂ ಅಲ್ಲ ಅವನು. ಕೇಳಿ ತಿಳಿದುಕೊಂಡದ್ದು ಬೇರೆ, ಎದೆಗೆ ಬೆಂಕಿ ಬಿದ್ದಾಗ ನೆನಪಾಗುವುದು ಬೇರೆ, ಅಲ್ಲವೇ?

ನಂತರ ನಾಡಿಗೆ ವಿಚಿತ್ರ ರೋಗ ಬರುತ್ತದೆ. ಅದು ಹರಡುವುದು ಗಾಳಿಯಿಂದಲ್ಲ, ನೀರಿನಿಂದಲ್ಲ. ಧಾನ್ಯದಿಂದ. ಆಂಡೊರ್‌ಹಾಲ್ ಎಂಬ ಊರಿನ ಕಣಜಗಳಿಂದ ರಾಜ್ಯದ ಊರೂರಿಗೆ ಹೋಗುವ ಗೋಧಿಯಲ್ಲಿ ವಿಷ ಬೆರೆತಿದೆ. ಅದರ ರೊಟ್ಟಿ ತಿಂದವರು ಸಾಯುತ್ತಾರೆ. ಸತ್ತು ಸುಮ್ಮನಾಗುವುದಿಲ್ಲ, ಹೆಣವಾಗಿಯೇ ಎದ್ದು ಬದುಕಿರುವವರ ಮೇಲೆ ಬೀಳುತ್ತಾರೆ. ಅರ್ಥಾಸ್ ಒಂದು ಊರಿಗೆ ಬರುವಷ್ಟರಲ್ಲಿ ಧಾನ್ಯ ಹಂಚಿಯಾಗಿದೆ. ಕಣ್ಣೆದುರೇ ಜನ ಹೆಣಗಳಾಗಿ ಎದ್ದು ಬರುತ್ತಾರೆ. ಉಥರ್ ಸೈನ್ಯದೊಂದಿಗೆ ಬರುವ ತನಕ ಅವನು ಆ ಊರನ್ನು ಕಾಯಬೇಕು. ಆಟದಲ್ಲಿ ಅದಕ್ಕೆ 30 ನಿಮಿಷ. ನಮ್ಮ ಅರ್ಧ ಗಂಟೆಯ ದುಡ್ಡು ಅಲ್ಲಿಗೇ ಮುಗಿಯುತ್ತಿತ್ತು. ಆ ಅರ್ಧ ಗಂಟೆಯಲ್ಲಿ ನಾವು ಅರ್ಥಾಸ್‌ನ ಪಕ್ಷಕ್ಕೆ ಪೂರ್ತಿ ಸೇರಿಬಿಟ್ಟಿದ್ದೆವು. ಅವನು ನಿದ್ದೆಗೆಟ್ಟಿದ್ದಾನೆ, ಸೈನಿಕರನ್ನು ಕಳೆದುಕೊಂಡಿದ್ದಾನೆ, ನೆರವು ತಡವಾಗಿ ಬಂದಿದೆ. ಅವನ ಸಿಟ್ಟು ನ್ಯಾಯವಾದದ್ದು. ಅದರಲ್ಲಿ ಎರಡು ಮಾತಿಲ್ಲ.

ನ್ಯಾಯವಾದ ಆ ಸಿಟ್ಟನ್ನು ಹೊತ್ತು ಅವನು ಸ್ಟ್ರಾಥೋಮ್ ಎಂಬ ನಗರದ ಬಾಗಿಲಿಗೆ ಬರುತ್ತಾನೆ.

ಅಲ್ಲಿಯೂ ಧಾನ್ಯ ತಲುಪಿಯಾಗಿದೆ. ಜನರಿನ್ನೂ ಜನರಾಗಿಯೇ ಇದ್ದಾರೆ. ಮನೆಗಳಲ್ಲಿದ್ದಾರೆ. ಅರ್ಥಾಸ್ ನಿರ್ಧರಿಸುತ್ತಾನೆ. ಇವರೆಲ್ಲ ಹೇಗೂ ನಾಳೆ ಹೆಣಗಳಾಗಿ ಎದ್ದು ಬರುವವರು, ಆದ್ದರಿಂದ ಇವತ್ತೇ ಇಡೀ ನಗರವನ್ನು ಮುಗಿಸಬೇಕು. ಉಥರ್ ಒಪ್ಪುವುದಿಲ್ಲ. ಬೇರೆ ದಾರಿ ಇದ್ದೀತು ಅನ್ನುತ್ತಾನೆ. ಅರ್ಥಾಸ್ ಅವನ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಅಧಿಕಾರದಿಂದ ಕಿತ್ತುಹಾಕುತ್ತಾನೆ. ಜೇಯ್ನಾ ಕೂಡ ಮುಖ ತಿರುಗಿಸಿ ನಡೆಯುತ್ತಾಳೆ. ಒಪ್ಪಿದವರು ಅವನೊಂದಿಗೆ ಉಳಿಯುತ್ತಾರೆ.

ಗುರು ಹೋದ, ಪ್ರೀತಿಸಿದವಳು ಹೋದಳು. ಮೌಸ್ ಮಾತ್ರ ನಮ್ಮ ಕೈಯಲ್ಲೇ ಇತ್ತು. ಅವರ ಹಿಂದೆ ಹೋಗುವ ಅವಕಾಶವನ್ನು ಆಟ ನಮಗೆ ಕೊಡಲಿಲ್ಲ. ಅರ್ಥಾಸ್ ಮನೆಗಳ ಬಾಗಿಲು ಒಡೆಯಬೇಕು, ಒಳಗಿದ್ದವರು ಹೊರಬಂದಾಗ ಮುಗಿಸಬೇಕು. ಅದೇ ನಗರದಲ್ಲಿ ಮಾಲ್‌ಗ್ಯಾನಿಸ್ ಎಂಬ ದೈತ್ಯ ಅದೇ ಜನರನ್ನು ತನ್ನ ಹೆಣಗಳ ಸೇನೆಗೆ ಸೇರಿಸುತ್ತಿರುತ್ತಾನೆ. ಪರದೆಯ ಮೂಲೆಯಲ್ಲಿ ಎರಡು ಅಂಕಿಗಳು ಏರುತ್ತಿರುತ್ತವೆ. ಒಂದು ಅರ್ಥಾಸ್‌ನದು, ಇನ್ನೊಂದು ಮಾಲ್‌ಗ್ಯಾನಿಸ್‌ನದು. ಯಾರು ಮೊದಲು 100 ಮುಟ್ಟುತ್ತಾರೋ ಅವರು ಗೆದ್ದಂತೆ.

ಇಪ್ಪತ್ತು ವರ್ಷಗಳ ನಂತರ ಯೋಚಿಸಿದರೂ ಆ ಎರಡು ಅಂಕಿಗಳೇ ಕಣ್ಣ ಮುಂದೆ ಬರುತ್ತವೆ. ರಾಜಕುಮಾರನೂ ದೈತ್ಯನೂ ಅಲ್ಲಿ ಒಂದೇ ಸ್ಪರ್ಧೆಯಲ್ಲಿದ್ದರು. ಇಬ್ಬರೂ ಎಣಿಸುತ್ತಿದ್ದುದು ಅದೇ ಜನರನ್ನು. ರಾಜಕುಮಾರ ಗೆದ್ದರೂ ಆ ಜನರಿಗೆ ಸಿಗುವುದು ಸಾವೇ. ಕಾಯುವವನಿಗೂ ಕೊಲ್ಲುವವನಿಗೂ ಇದ್ದ ವ್ಯತ್ಯಾಸ ಬರೀ ಅಂಕಿಯ ಬಣ್ಣದಷ್ಟಾಗಿತ್ತು. ನಮ್ಮಲ್ಲಿ ಇಂಗ್ಲಿಷ್ ಬರುತ್ತಿದ್ದವನು ಆ ದಿನ ಏನನ್ನೂ ಕನ್ನಡಕ್ಕೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅರ್ಥಾಸ್‌ನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆಟ ಬಂದಂದಿನಿಂದ ಇಂದಿನವರೆಗೂ ಜಗತ್ತಿನಾದ್ಯಂತ ಅದನ್ನು ಆಡಿದವರು ಆ ಒಂದು ನಿರ್ಧಾರದ ಬಗ್ಗೆ ವಾದಿಸುತ್ತಲೇ ಇದ್ದಾರೆ. ರೋಗ ನಿಜವಾಗಿತ್ತು. ಮದ್ದು ಇರಲಿಲ್ಲ. ಬಿಟ್ಟಿದ್ದರೆ ಇಡೀ ನಗರ ಶತ್ರುಸೇನೆಯಾಗುತ್ತಿತ್ತು. ಎಲ್ಲವೂ ಸರಿಯೇ. ಆದರೆ ಆ ವಾದದ ಒಳಗೆ ಕುಳಿತಿರುವ ಒಂದು ವಾಕ್ಯವನ್ನು ಹೊರಗೆಳೆದು ನೋಡಿ: 'ಇವರು ಇವತ್ತು ಏನೂ ಮಾಡಿಲ್ಲ, ಆದರೆ ನಾಳೆ ಮಾಡುತ್ತಾರೆ.' ಆಟದ ಹೊರಗೆ ಈ ವಾಕ್ಯವನ್ನು ನೀವು ಕೇಳಿಲ್ಲವೇ? ನಾವು ಕೇಳಿದ್ದೇವೆ. ಒಂದು ಬೀದಿಯ ಬಗ್ಗೆ, ಒಂದು ಜಾತಿಯ ಬಗ್ಗೆ, ಒಂದು ಹೆಸರಿನ ಬಗ್ಗೆ. ಹೇಳುವವರ ಬಾಯಿ ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ನಮ್ಮ ಮೂವರಲ್ಲಿ ಒಬ್ಬನ ತಂದೆಯ ಅಂಗಡಿಗೆ ರಾತ್ರೋರಾತ್ರಿ ಬೆಂಕಿ ಬಿತ್ತು. ಬಟ್ಟೆಯ ಸಣ್ಣ ಅಂಗಡಿ. ಹಬ್ಬಕ್ಕೆಂದು ಸಾಲ ಮಾಡಿ ತಂದಿಟ್ಟ ಹೊಸ ದಾಸ್ತಾನು ಇತ್ತು. ಬೆಳಗಾಗುವಾಗ ಮಳೆಯಲ್ಲಿ ನೆನೆದ ಬೂದಿ ಮಾತ್ರ ಉಳಿದಿತ್ತು. ಯಾರು ಮಾಡಿದರೆಂದು ಕಂಡವರಿಲ್ಲ. ಸಂಜೆಯಾಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಇಂಥ ಗಲ್ಲಿಯ ಹುಡುಗರೇ ಅಂದರು. ಇವರಲ್ಲದಿದ್ದರೆ ಅವರ ಅಣ್ಣಂದಿರು ಅಂದರು. ಇವತ್ತು ಸುಮ್ಮನೆ ಬಿಟ್ಟರೆ ನಾಳೆ ನಮ್ಮ ಮನೆಗಳಿಗೇ ಬರುತ್ತಾರೆ ಅಂದರು. ಹೆಸರುಗಳನ್ನು ಬರೆದ ಒಂದು ಚೀಟಿಯೂ ತಯಾರಾಯಿತು. ನಮ್ಮ ಗೆಳೆಯ ಹದಿನಾರು ವರ್ಷದವನು. ಮಾತಾಡದೆ, ಆ ಚೀಟಿಯಿಂದ ಕಣ್ಣು ಕೀಳದೆ ನಿಂತಿದ್ದ.

ಅವನ ತಂದೆ ಠಾಣೆಗೆ ಹೊರಟಾಗ ಆ ಚೀಟಿಯನ್ನು ಅವರ ಕೈಗಿತ್ತರು. ಅವರು ಓದಿ ಮಡಚಿ ವಾಪಸು ಕೊಟ್ಟರು. "ನಾನು ಯಾರನ್ನು ಕಂಡೆನೋ ಅವರ ಹೆಸರು ಬರೆಸುತ್ತೇನೆ. ನಾನು ಯಾರನ್ನೂ ಕಂಡಿಲ್ಲ" ಎಂದಷ್ಟೇ ಹೇಳಿದರು. ದೂರಿನಲ್ಲಿ 'ಅಪರಿಚಿತರು' ಎಂದು ಬರೆಸಿ ಬಂದರು. ಅಂಗಳದಲ್ಲಿದ್ದ ಹಲವರಿಗೆ ಅದು ಹೇಡಿತನವಾಗಿ ಕಂಡಿತು. ಕೆಲವರು ಮುಖದ ಮೇಲೆಯೇ ಹೇಳಿದರು.

ಆ ತನಿಖೆ ಯಾವತ್ತೂ ಮುಗಿಯಲಿಲ್ಲ. ಯಾರೂ ಸಿಕ್ಕಿಬೀಳಲಿಲ್ಲ. ಸಾಲ ತೀರಿಸಲು ಅವರಿಗೆ ಏಳು ವರ್ಷ ಬೇಕಾಯಿತು. ಒಳ್ಳೆಯವರಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ ಎಂದು ಹೇಳಲು ನಾವು ಈ ಘಟನೆಯನ್ನು ಬರೆಯುತ್ತಿಲ್ಲ. ಸೇಡನ್ನು ನಿರಾಕರಿಸುವವನು ನಷ್ಟವನ್ನು ಪೂರ್ತಿ ತಾನೇ ಹೊರುತ್ತಾನೆ ಎಂಬುದು ಸತ್ಯ. ಹಾಗೆ ಹೊರುವಂತೆ ಜನರನ್ನು ಬಿಟ್ಟುಬಿಡುವ ವ್ಯವಸ್ಥೆಯೇ ಚೀಟಿ ಬರೆಯುವವರಿಗೆ ಕಾಗದ ಒದಗಿಸುತ್ತದೆ ಎಂಬುದೂ ಸತ್ಯ. ನ್ಯಾಯ ಸಿಗುವ ಜಾಗದಲ್ಲಿ ನ್ಯಾಯ ಸಿಕ್ಕರೆ ಅಂಗಳದಲ್ಲಿ ಜನ ಸೇರುವುದಿಲ್ಲ.

ಮತ್ತೆ ಅರ್ಥಾಸ್‌ನ ಕಡೆಗೆ ಬರೋಣ. ಸ್ಟ್ರಾಥೋಮ್ ಮುಗಿದ ಮೇಲೆ ಮಾಲ್‌ಗ್ಯಾನಿಸ್ ಅವನನ್ನು ಕೆಣಕಿ ಉತ್ತರದ ಹಿಮನಾಡಿಗೆ ಹೋಗುತ್ತಾನೆ. ತಾಕತ್ತಿದ್ದರೆ ಅಲ್ಲಿಗೆ ಬಾ ಎನ್ನುತ್ತಾನೆ. ಅರ್ಥಾಸ್ ಹಡಗುಗಳಲ್ಲಿ ಸೈನ್ಯ ತುಂಬಿಕೊಂಡು ಹೊರಡುತ್ತಾನೆ. ನಾಡಿನಲ್ಲಿ ರೋಗ ಹಬ್ಬುತ್ತಿದೆ, ಜನ ಸಾಯುತ್ತಿದ್ದಾರೆ, ಕಾಯಬೇಕಾದವನು ಸಮುದ್ರದಾಚೆ ಒಬ್ಬ ಶತ್ರುವಿನ ಬೆನ್ನು ಹತ್ತಿದ್ದಾನೆ. ಜನರಿಗಾಗಿ ಹುಟ್ಟಿದ ಸಿಟ್ಟು ಜನರನ್ನೇ ಮರೆತು ಮುಂದೆ ಹೋಗಿಯಾಗಿತ್ತು.

ಹಿಮನಾಡಿಗೆ ಅರಮನೆಯಿಂದ ದೂತ ಬರುತ್ತಾನೆ. ರಾಜಾಜ್ಞೆ ಸ್ಪಷ್ಟ. ಸೈನ್ಯ ಮರಳಿ ಬರಬೇಕು. ಸೈನಿಕರು ಸಂತೋಷದಿಂದ ಹಡಗುಗಳತ್ತ ಹೊರಡುತ್ತಾರೆ. ಅರ್ಥಾಸ್ ಏನು ಮಾಡುತ್ತಾನೆ? ಬಾಡಿಗೆ ಬಂಟರಿಗೆ ಹಣ ಕೊಟ್ಟು ಕಾಡುದಾರಿಯಿಂದ ಮೊದಲೇ ತೀರ ತಲುಪಿ, ತನ್ನದೇ ಹಡಗುಗಳಿಗೆ ಬೆಂಕಿ ಇಡಿಸುತ್ತಾನೆ. ಸೈನಿಕರು ಬಂದು ನೋಡಿ ದಂಗಾದಾಗ ಅದೇ ಬಂಟರ ಕಡೆ ಬೆರಳು ತೋರಿಸುತ್ತಾನೆ. ನಿಮ್ಮ ಹಡಗು ಸುಟ್ಟವರು ಇವರೇ! ಸೈನಿಕರು ಬಂಟರನ್ನು ಕೊಚ್ಚಿ ಹಾಕುತ್ತಾರೆ. ಜೊತೆಗಿದ್ದ ಹಳೆಯ ಗೆಳೆಯ ಮುರಾಡಿನ್ ಎಂಬ ಕುಳ್ಳ ಯೋಧನಿಗೆ ಮಾತ್ರ ನಿಜ ಗೊತ್ತಿದೆ. ನಿನ್ನವರಿಗೇ ಸುಳ್ಳು ಹೇಳಿದೆಯಲ್ಲ ಎಂದು ಅವನು ಕೊರಗುತ್ತಾನೆ.

ಸ್ಟ್ರಾಥೋಮ್‌ನ ಬಗ್ಗೆ ವಾದಿಸುವವರು ಈ ಹಡಗುಗಳ ಬಗ್ಗೆ ಅಷ್ಟು ಮಾತಾಡುವುದಿಲ್ಲ. ನಮಗೇನೋ ಇಲ್ಲಿಯೇ ಅವನು ಪೂರ್ತಿ ಕೆಟ್ಟನೆಂದು ತೋರುತ್ತದೆ. ಅಲ್ಲಿ ಅವನಿಗೊಂದು ಕಾರಣವಿತ್ತು, ಗಡುವಿತ್ತು, ನಿಜವಾದ ರೋಗವಿತ್ತು. ಇಲ್ಲಿ ಯಾವುದೂ ಇಲ್ಲ. ಸೇಡಿನ ದಾರಿಯಿಂದ ಯಾರೂ ಮನೆಗೆ ಮರಳದಂತೆ ಅವನು ದಾರಿಯನ್ನೇ ಸುಟ್ಟ. ಅದಕ್ಕೊಂದು ಸುಳ್ಳು ಬೇಕಾಯಿತು, ಆ ಸುಳ್ಳಿಗೆ ಬಡಪಾಯಿಗಳ ರಕ್ತ ಬೇಕಾಯಿತು. ಸೇಡಿನ ಹೆಸರಿನಲ್ಲಿ ಜನರನ್ನು ಸೇರಿಸುವ ಯಾವ ನಾಯಕನನ್ನಾದರೂ ಗಮನಿಸಿ. ಅವನು ಮೊದಲು ಸುಡುವುದು ಶತ್ರುವಿನ ಮನೆಯನ್ನಲ್ಲ, ತನ್ನವರು ಮರಳಿ ಹೋಗಬಹುದಾದ ಹಡಗನ್ನು.

ಕೊನೆಗೆ ಒಂದು ಗುಹೆ. ಮಂಜುಗಡ್ಡೆಯೊಳಗೆ ಫ್ರಾಸ್ಟ್‌ಮೋರ್ನ್ ಎಂಬ ಖಡ್ಗ. ಅದನ್ನು ಕಾಯುವವನು ಖಡ್ಗವನ್ನು ಕಾಯುತ್ತಿಲ್ಲ, ಅದರಿಂದ ಬಂದವರನ್ನು ಕಾಯುತ್ತಿದ್ದಾನೆ. ಪೀಠದ ಮೇಲಿನ ಬರಹವನ್ನು ಮುರಾಡಿನ್ ಓದಿ ಹೇಳುತ್ತಾನೆ. ಈ ಖಡ್ಗ ದೇಹವನ್ನು ಸೀಳುವಂತೆಯೇ ಹಿಡಿದವನ ಆತ್ಮವನ್ನೂ ಸೀಳುತ್ತದೆ ಎಂಬುದು ಅದರ ಸಾರಾಂಶ. ಬಿಟ್ಟುಬಿಡು, ಹಿಂದಿರುಗೋಣ ಎಂದು ಬೇಡುತ್ತಾನೆ. ಅರ್ಥಾಸ್ ಕೇಳುವುದಿಲ್ಲ. ನಾಡನ್ನು ಉಳಿಸಲು ಯಾವ ಶಾಪವನ್ನಾದರೂ ಹೊರುತ್ತೇನೆ ಎಂದು ಕೂಗುತ್ತಾನೆ. ಮಂಜು ಸಿಡಿಯುತ್ತದೆ. ಅದರ ಚೂರು ಬಡಿದು ಮುರಾಡಿನ್ ನೆಲಕ್ಕುರುಳುತ್ತಾನೆ. ಅರ್ಥಾಸ್ ಖಡ್ಗ ಹಿಡಿದು ನಡೆದು ಹೋಗುತ್ತಾನೆ. ಗಾಯ ವಾಸಿ ಮಾಡುವ ಶಕ್ತಿಯಿದ್ದವನು ಬಿದ್ದ ಗೆಳೆಯನ ಬಳಿ ನಿಲ್ಲಲಿಲ್ಲ.

ಆ ಖಡ್ಗದಿಂದ ಅವನು ಮಾಲ್‌ಗ್ಯಾನಿಸ್‌ನನ್ನು ಸೋಲಿಸುತ್ತಾನೆ. ಸೇಡು ತೀರಿತು. ಆದರೆ ಖಡ್ಗದೊಳಗಿಂದ ಈಗ ಒಂದು ದನಿ ಮಾತಾಡುತ್ತಿದೆ. ಅದು ಲಿಚ್ ಕಿಂಗ್ ಎಂಬ ಹೆಣಗಳ ದೊರೆಯದು. ಆ ರೋಗದ ಹಿಂದಿದ್ದವನು ಅವನೇ. ಅರ್ಥಾಸ್‌ನನ್ನು ಇಲ್ಲಿಯವರೆಗೆ ಎಳೆತರುವುದೇ ಅವನ ಉದ್ದೇಶವಾಗಿತ್ತು. ಮಾಲ್‌ಗ್ಯಾನಿಸ್ ಬರೀ ಗಾಳದ ಎರೆ. ಯಾವ ಶತ್ರುವನ್ನು ನಾಶಮಾಡಲು ಅವನು ಎಲ್ಲವನ್ನೂ ತೊರೆದನೋ, ಅವನದೇ ಸೇನಾಪತಿಯಾಗಿ ನಿಂತಿದ್ದ.

ರಾಜಧಾನಿಗೆ ಮರಳಿದಾಗ ಗಂಟೆಗಳು ಮೊಳಗುತ್ತವೆ. ಜನ ಗುಲಾಬಿಯ ಎಸಳುಗಳನ್ನು ಚೆಲ್ಲುತ್ತಾರೆ. ಯುವರಾಜ ಗೆದ್ದು ಬಂದನೆಂದು ಅವರ ಸಂಭ್ರಮ. ಅವನು ಸಿಂಹಾಸನದ ಮುಂದೆ ಮಂಡಿಯೂರುತ್ತಾನೆ. ಎದ್ದು, ಮೆಟ್ಟಿಲೇರಿ, ತಂದೆಯನ್ನು ಅದೇ ಖಡ್ಗದಿಂದ ಇರಿಯುತ್ತಾನೆ. ಕಿರೀಟ ಉರುಳುತ್ತದೆ. ಇಲ್ಲಿಗೆ ಆಟದ ಮೊದಲ ಭಾಗ ಮುಗಿಯುತ್ತದೆ. ಮುಂದಿನ ಭಾಗದಲ್ಲಿ ನಾವು ಆಡಬೇಕಾದುದು ಅವನನ್ನೇ, ಈ ಬಾರಿ ಹೆಣಗಳ ಸೇನೆಯ ನಾಯಕನಾಗಿ. ಚೌಕಿಯಲ್ಲಿ ನಡೆಯಬೇಕಾದ ಬಣ್ಣಗಾರಿಕೆ ನಮ್ಮ ಕಣ್ಣೆದುರು, ನಮ್ಮದೇ ಬೆರಳುಗಳ ಕೆಳಗೆ, ಸ್ವಲ್ಪ ಸ್ವಲ್ಪವಾಗಿ ನಡೆದುಹೋಗಿತ್ತು.

ಹೆಚ್ಚಿನ ಕತೆಗಳು ಇಲ್ಲಿ ನಿಲ್ಲುತ್ತವೆ. ಈ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಟ್ಟವನ ಕೈಯಲ್ಲಿ ನೊಂದವರಿಗೆ ಏನಾಯಿತೆಂದು ಕೇಳಿತು.

ಅರ್ಥಾಸ್ ದಂಡೆತ್ತಿ ಹೋದ ನಾಡುಗಳಲ್ಲಿ ಕ್ವೆಲ್‌ತಲಾಸ್ ಒಂದು. ಅದನ್ನು ಕಾಯುತ್ತಿದ್ದವಳು ಸಿಲ್ವಾನಾಸ್ ಎಂಬ ದಂಡನಾಯಕಿ. ಹೆಜ್ಜೆ ಹೆಜ್ಜೆಗೂ ಅಡ್ಡ ನಿಂತಳು. ಕೊನೆಗೆ ಅವನ ಕೈಗೆ ಸಿಕ್ಕಿಬಿದ್ದಳು. ತನ್ನನ್ನು ಅಷ್ಟು ಕಾಡಿದವಳಿಗೆ ನೆಮ್ಮದಿಯ ಸಾವು ಕೊಡಲು ಅವನಿಗೆ ಮನಸ್ಸಾಗಲಿಲ್ಲ. ಅವಳ ಆತ್ಮವನ್ನು ಕಿತ್ತು ತನ್ನ ಸೇವೆಗೆ ಕಟ್ಟಿಹಾಕಿದ. ಯಾರನ್ನು ಕಾಯುತ್ತಿದ್ದಳೋ ಅವರ ವಿರುದ್ಧವೇ ಅವಳನ್ನು ನಿಲ್ಲಿಸಿದ.

2003ರಲ್ಲಿ ಬಂದ ಮುಂದುವರಿದ ಭಾಗದಲ್ಲಿ ಅವಳು ಆ ಹಿಡಿತದಿಂದ ತಪ್ಪಿಸಿಕೊಳ್ಳುತ್ತಾಳೆ. ಹೊಂಚು ಹಾಕಿ ಅರ್ಥಾಸ್‌ಗೆ ವಿಷದ ಬಾಣ ಬಿಡುತ್ತಾಳೆ. ಅವನು ಅಲುಗಾಡದೆ ಬಿದ್ದಿದ್ದಾನೆ. ಒಂದು ಏಟು ಸಾಕಿತ್ತು. ಆದರೆ ತಾನು ನರಳಿದಂತೆ ಅವನೂ ನರಳಿ ನರಳಿ ಸಾಯಬೇಕೆಂಬುದು ಅವಳ ಆಸೆ. ಆ ವಿಳಂಬದಲ್ಲಿ ಅವನ ಬಂಟ ಬಂದು ಅವನನ್ನು ಉಳಿಸಿದ. ಅರ್ಥಾಸ್ ಹಿಮಪರ್ವತ ಏರಿ, ಮಂಜಿನ ಸಿಂಹಾಸನ ಒಡೆದು, ಲಿಚ್ ಕಿಂಗ್‌ನ ಶಿರಸ್ತ್ರಾಣವನ್ನು ತಲೆಗಿಟ್ಟು ತಾನೇ ಅವನಾದ. ಸೇಡಿನ ಹಸಿವು ಅವಳಿಂದ ಸೇಡನ್ನೂ ಕಸಿದುಕೊಂಡಿತ್ತು.

ಆ ಹೊತ್ತಿಗೆ ನಮ್ಮ ಮೂವರ ದಾರಿಗಳು ಬೇರೆಯಾಗುತ್ತಿದ್ದವು. ಒಬ್ಬ ಕೊಲ್ಲಿಗೆ ಹೋದ, ಒಬ್ಬ ಶಿಕ್ಷಕನಾದ, ಒಬ್ಬ ತಂದೆಯ ಅಂಗಡಿಯಲ್ಲಿ ಕುಳಿತ. ಆಡುವ ಬಿಡುವು ಉಳಿಯಲಿಲ್ಲ. ಆದರೂ ಕತೆಯ ಮುಂದಿನ ಭಾಗ ಬಂದಾಗಲೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿ ಹೇಳುತ್ತಿದ್ದೆವು. 2008ರ ನವೆಂಬರಿನಲ್ಲಿ ಅವನದೇ ಹೆಸರಿನ ಹೊಸ ಭಾಗ ಬಂತು. 2009ರ ಡಿಸೆಂಬರಿನಲ್ಲಿ ಅವನ ಅಂತ್ಯವೂ ಬಂತು. ಖಡ್ಗ ಒಡೆದು, ಅದರೊಳಗೆ ಸಿಕ್ಕಿಬಿದ್ದಿದ್ದ ಆತ್ಮಗಳು ಹೊರಬರುತ್ತವೆ. ಅವುಗಳಲ್ಲಿ ಅವನ ತಂದೆಯದೂ ಒಂದು. ಮಗ ಕೊನೆಯುಸಿರೆಳೆಯುವುದು ತಾನು ಕೊಂದ ತಂದೆಯ ತೋಳಿನಲ್ಲೇ. ಆದರೆ ಆ ಶಿರಸ್ತ್ರಾಣ ಖಾಲಿ ಉಳಿಯುವಂತಿಲ್ಲ, ಹೆಣಗಳನ್ನು ಹಿಡಿದಿಡಲು ಯಾರಾದರೂ ಅದನ್ನು ತೊಡಲೇಬೇಕು ಎಂದಾಗುತ್ತದೆ. ಇನ್ನೊಬ್ಬ ತೊಡುತ್ತಾನೆ. ನಾಯಕ ಸತ್ತರೂ ಅವನು ಕೂತಿದ್ದ ಪೀಠ ಸಾಯುವುದಿಲ್ಲ ಎಂಬುದು ನಮ್ಮ ಕಾಲದವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಸಿಲ್ವಾನಾಸ್ ಉಳಿದಳು. ಸೇಡು ತೀರಿಸಬೇಕಾದ ವ್ಯಕ್ತಿಯೇ ಇಲ್ಲವಾದ ಮೇಲೆ ಸೇಡಿನ ಗತಿ ಏನು? ಅದು ಸತ್ತವನ ಜೊತೆ ಹೂತುಹೋಗುತ್ತದೆಂದು ನಾವು ಭಾವಿಸುತ್ತೇವೆ. ಹಾಗಾಗುವುದಿಲ್ಲ. 2016ರ ಭಾಗದಲ್ಲಿ ಅವಳು ಒಂದು ದೊಡ್ಡ ಸೇನಾಕೂಟದ ಮುಖ್ಯಸ್ಥೆಯಾದಳು. 2018ರಲ್ಲಿ ಟೆಲ್‌ಡ್ರಾಸಿಲ್ ಎಂಬ ಮಹಾವೃಕ್ಷದ ಮೇಲಿದ್ದ ನಗರಕ್ಕೆ, ಅದರೊಳಗೆ ಸಾಮಾನ್ಯ ಜನ ಇರುವಾಗಲೇ ಬೆಂಕಿ ಇಡಿಸಿದಳು. ಸೋತು ಬಿದ್ದಿದ್ದ ಒಬ್ಬ ಯೋಧೆ ಭರವಸೆಯನ್ನು ಕೊಲ್ಲಲಾಗದು ಎಂದದ್ದೇ ಅವಳನ್ನು ಕೆಣಕಿತು. ಆಡುವವರಿಗೆ ಆಗ ಒಂದು ಕೆಲಸ ಕೊಡಲಾಗಿತ್ತು. ಉರಿಯುವ ನಗರದಿಂದ ಸಾಧ್ಯವಾದಷ್ಟು ಜನರನ್ನು ಹೊರಗೆಳೆಯಬೇಕು. ಎಲ್ಲರನ್ನೂ ಉಳಿಸಲು ಸಾಲದಷ್ಟೇ ಸಮಯ. ಸ್ಟ್ರಾಥೋಮ್‌ನಿಂದ ಟೆಲ್‌ಡ್ರಾಸಿಲ್‌ಗೆ 16 ವರ್ಷ. ಅಲ್ಲಿ ಬಾಗಿಲು ಒಡೆದವನ ಬಲಿಪಶು ಇಲ್ಲಿ ಬೆಂಕಿ ಇಟ್ಟಿದ್ದಳು.

ಗುರು ಉಥರ್ ಕೂಡ ಉಳಿಯಲಿಲ್ಲ. ಸೇಡಿಗೆ ಜಾಗವಿಲ್ಲ ಎಂದು ಬುದ್ಧಿ ಹೇಳಿದವನನ್ನು ಅರ್ಥಾಸ್ ಮೊದಲೇ ಕೊಂದಿದ್ದ. 2020ರಲ್ಲಿ ಬಂದ ಭಾಗದಲ್ಲಿ ಕತೆ ಸತ್ತವರ ಲೋಕಕ್ಕೆ ಹೋಗುತ್ತದೆ. ಅರ್ಥಾಸ್‌ನ ಆತ್ಮ ಅಲ್ಲಿಗೆ ಬಂದಾಗ ಅದನ್ನು ವಿಚಾರಣೆಯಿಲ್ಲದೆ ಪಾತಾಳಕ್ಕೆ ಎಸೆದವನು ಇದೇ ಉಥರ್. ಅಂದರೆ ಆ ರೋಗ ಗುರುವಿಗೂ ತಗಲಿತ್ತು. ಧಾನ್ಯದಲ್ಲಿ ಬಂದ ವಿಷಕ್ಕಿಂತ ಇದು ಗಟ್ಟಿ. ಅದು ರೊಟ್ಟಿ ತಿಂದವರನ್ನು ಮಾತ್ರ ಕೊಂದಿತ್ತು. ಇದು ನೊಂದವರನ್ನೆಲ್ಲ ಹುಡುಕಿಕೊಂಡು ಹೋಗುತ್ತಿತ್ತು.

ಹಾಗಾದರೆ ಇದಕ್ಕೆ ಕೊನೆಯೇ ಇಲ್ಲವೇ? ಕತೆಗಾರರು 2022ರಲ್ಲಿ ಒಂದು ಉತ್ತರ ಕೊಟ್ಟರು. ಸೋತು, ತನ್ನ ಕೃತ್ಯದ ಅರಿವಾದ ಸಿಲ್ವಾನಾಸ್ ತೀರ್ಪಿಗಾಗಿ ನಿಲ್ಲುತ್ತಾಳೆ. ತೀರ್ಪು ಕೊಡಬೇಕಾದವಳು ಟಿರಾಂಡೆ. ಸುಟ್ಟುಹೋದವರು ಅವಳದೇ ಜನ. ಅವಳೂ ಸೇಡಿಗಾಗಿ ಒಂದು ಭೀಕರ ಶಕ್ತಿಯನ್ನು ಮೈಮೇಲೆ ತಂದುಕೊಂಡಿದ್ದಳು, ಅದು ಅವಳನ್ನೇ ಒಳಗಿನಿಂದ ಸುಡುತ್ತಿತ್ತು. ಕೊನೆಗೆ ಅದನ್ನು ಬಿಟ್ಟುಕೊಟ್ಟ ಮೇಲೆಯೇ ತೀರ್ಪು ಕೊಡುವ ಪೀಠಕ್ಕೆ ಬಂದವಳು. ಅವಳು ಸಿಲ್ವಾನಾಸ್‌ಗೆ ಕ್ಷಮೆ ಕೊಡಲಿಲ್ಲ. ತಲೆಯನ್ನೂ ತೆಗೆಯಲಿಲ್ಲ. ನಿನ್ನಿಂದಾಗಿ ಪಾತಾಳ ಸೇರಿದವರು ಅಲ್ಲಿದ್ದಾರೆ, ಇಳಿದು ಹೋಗಿ ಪ್ರತಿಯೊಬ್ಬರನ್ನೂ ಹುಡುಕಿ ಬಿಡಿಸು, ಕೊನೆಯವರು ಹೊರಬರುವ ತನಕ ಅಲ್ಲೇ ಇರು ಎಂದಳು.

ಅರ್ಥಾಸ್‌ನ ಅಭಿಮಾನಿಗಳಿಗೆ ಆ ಭಾಗ ಹಿಡಿಸಲಿಲ್ಲ. ಅಷ್ಟು ದೊಡ್ಡ ದಂಡನಾಯಕನ ಆತ್ಮ ಅಲ್ಲಿ ಒಂದು ಮಿಣುಕು ಬೆಳಕಾಗಿ ಕರಗಿಹೋಯಿತು. ಮಾತಿಲ್ಲ, ಘರ್ಜನೆಯಿಲ್ಲ. ಅಂತರ್ಜಾಲದಲ್ಲಿ ಬೈದವರೇ ಹೆಚ್ಚು. ನಮಗೆ ಮಾತ್ರ ಅದು ಸರಿಯಾಗಿಯೇ ಕಂಡಿತು. ಒಂದೊಂದು ಹೆಜ್ಜೆಗೂ ತನ್ನ ಒಂದೊಂದು ಭಾಗವನ್ನು ಕೊಡುತ್ತಾ ಹೋದವನಲ್ಲಿ ಕೊನೆಗೆ ಉಳಿಯುವುದಾದರೂ ಏನು?

ಸೇಡು ಎಂದರೆ ನ್ಯಾಯದ ಒರಟು ರೂಪ ಎಂದು ತಿಳಿದವರು ನಮ್ಮ ನಡುವೆ ಬಹಳಿದ್ದಾರೆ. ಎರಡಕ್ಕೂ ಲೆಕ್ಕ ಬೇಕು, ನಿಜ. ಆದರೆ ಲೆಕ್ಕದ ರೀತಿ ಬೇರೆ. ಸ್ಟ್ರಾಥೋಮ್‌ನಲ್ಲಿ ಬೇಕಾಗಿದ್ದುದು 100. ಆ ನೂರರಲ್ಲಿ ಯಾರಿದ್ದರು, ಯಾವ ಮನೆಯವರು, ಯಾರು ರೊಟ್ಟಿ ತಿಂದಿದ್ದರು, ಯಾರು ತಿಂದಿರಲಿಲ್ಲ ಎಂದು ಆಟ ಕೇಳಲಿಲ್ಲ. ಅರ್ಥಾಸ್‌ನೂ ಕೇಳಲಿಲ್ಲ. ಟಿರಾಂಡೆಯ ತೀರ್ಪಿನಲ್ಲಿ ಸಂಖ್ಯೆಯಿಲ್ಲ. ಒಬ್ಬೊಬ್ಬರನ್ನೂ ಹುಡುಕಬೇಕು, ಒಬ್ಬೊಬ್ಬರ ಎದುರೂ ನಿಲ್ಲಬೇಕು. ಮೂಲೆಯಲ್ಲಿ ಅಂಕಿ ಏರುವುದಿಲ್ಲ, ಬೇಗ ಮುಗಿಯುವುದೂ ಇಲ್ಲ. ಕಂಡವರ ಹೆಸರನ್ನಷ್ಟೇ ಬರೆಸುತ್ತೇನೆ ಎಂದವರ ಅಂಗಡಿ ಸುಟ್ಟ ಲೆಕ್ಕವೂ ಠಾಣೆಯ ಯಾವುದೋ ಕಡತದಲ್ಲಿ ಹಾಗೆಯೇ ಮುಗಿಯದೆ ಕುಳಿತಿದೆ. ಅದನ್ನು ತೆರೆದು ಒಬ್ಬೊಬ್ಬರನ್ನು ಹುಡುಕುವ ಕೆಲಸ ಯಾರದೋ ಅವರು ಅದನ್ನು ಮಾಡಲಿ. ಅಲ್ಲಿಯವರೆಗೆ ಚೀಟಿಯನ್ನು ಮಡಚಿ ವಾಪಸು ಕೊಡುವವರು ಪ್ರತಿ ಅಂಗಳದಲ್ಲಿ ಒಬ್ಬರಾದರೂ ಬೇಕು.